ಲವೀನಿಯಾದ ನೀರಗೆರೆ

ಆ ಶನಿವಾರ ಬೆಳಿಗ್ಗೆ ಗಾಳಿ ಆಗ್ನೇಯಕ್ಕೆ ತಿರುಗಿತ್ತು. ವಾರದಿಂದ ಆಫ್ರಿಕದ ಕಡೆಯಿಂದ ಹಾರಿ ಬಂದು ಕಣ್ಣು ಮೂಗಿಗೆ ಅಡರಿಕೊಂಡಿದ್ದ ಮರಳಿನ ಧೂಳು ಒಂದೇ ರಾತ್ರಿಯಲ್ಲಿ ತೊಳೆದ ಹಾಗೆ ಹೋಗಿ, ಎದುರಿನ ಪೆಟೀಟ್ ಮಾರ್ಟಿನೀಕ್ ದ್ವೀಪದ ಗುಡ್ಡದ ಮೇಲಿನ ಮನೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಬಂಡೆಸಾಲಿನ ಆಚೆ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ಈಚೆಗೆ, ಕೊಲ್ಲಿಯ ನೀರು ಬೋಗುಣಿಯಲ್ಲಿ ತುಂಬಿಟ್ಟ ಹಾಗೆ ಸುಮ್ಮನಿತ್ತು. ಉತ್ತರಕ್ಕೆ ಹೊರಟವರಿಗೆ ದೇವರು ಇದಕ್ಕಿಂತ ಒಳ್ಳೆಯ ಗಾಳಿ ಕೊಡುವುದಿಲ್ಲ. ರೇಡಿಯೊದವನೂ ಅದನ್ನೇ ಹೇಳಿದ್ದ: ಬುಧವಾರದ ತನಕ ಹೀಗೇ ಇರುತ್ತದೆ, ಆಮೇಲಿನದು ಗೊತ್ತಿಲ್ಲ.

ವರ್ಲಿನ್ ಬಾಗಿಲ ಮೆಟ್ಟಿಲ ಮೇಲೆ ಕೋಕೋ ಚಹಾದ ಲೋಟ ಹಿಡಿದು ನಿಂತು ಆ ಗಾಳಿಯನ್ನು ಕೆನ್ನೆಯಲ್ಲೇ ಅಳೆದಳು. ಅರವತ್ತೊಂದು ತುಂಬಿತ್ತು ಅವಳಿಗೆ. ಮೂವತ್ತೈದು ವರ್ಷ ಕ್ಯಾರಿಯಾಕೂ ದ್ವೀಪದ ಹೆರಿಗೆ ವಾರ್ಡಿನಲ್ಲಿ ನಿಂತೇ ಕೆಲಸ ಮಾಡಿದ ಮಂಡಿಗಳು ಈಗ ಮುಷ್ಕರ ಹೂಡಿದ್ದವು. ಅಕ್ಟೋಬರಿಗೆ ಬಲಗಾಲಿನ ಆಪರೇಷನ್. ಅದಾದ ಮೇಲೆ ತೊನೆಯುವ ದೋಣಿಯಲ್ಲಿ ನಿಲ್ಲುವ ಮಾತು ಮರೆತುಬಿಡಿ ಎಂದಿದ್ದರು ಡಾಕ್ಟರು. ಜೂನ್ ಹುಟ್ಟಿದರೆ ಚಂಡಮಾರುತದ ಕಾಲ. ಹಾಗಾಗಿ ಹೊರಟರೆ ಈ ಸೋಮವಾರ, ಇಲ್ಲವಾದರೆ ಈ ಜನ್ಮದಲ್ಲಿಲ್ಲ.

ಅವಳ ಅಪ್ಪ ಸರಕಿನ ಹಡಗಿನ ಕ್ಯಾಪ್ಟನ್. ಮೂವರು ಗಂಡುಮಕ್ಕಳನ್ನೂ ಒಬ್ಬೊಬ್ಬರಾಗಿ ಸಮುದ್ರಕ್ಕೆ ಕರೆದುಕೊಂಡು ಹೋದ. ಇವಳು ದಡದಲ್ಲಿ ನಿಂತು ಕೈಬೀಸಿದಳು. ಹತ್ತು ವರ್ಷದವಳಿದ್ದಾಗ ಬೀಸಿದ ಕೈ ಆಮೇಲೆ ಬೀಸುತ್ತಲೇ ಇತ್ತು, ಅಣ್ಣಂದಿರಿಗೆ, ಅಣ್ಣಂದಿರ ಮಕ್ಕಳಿಗೆ. ದೊಡ್ಡ ಸಮುದ್ರವನ್ನು ಒಂದು ಸಲ ದಾಟಿ ಅಜೋರ್ಸ್ ದ್ವೀಪಗಳ ಬೆಟ್ಟ ನೀರಿನೊಳಗಿಂದ ಏಳುವುದನ್ನು ಕಣ್ಣಾರೆ ನೋಡಬೇಕು. ದೇವರ ಹತ್ತಿರ ಅವಳು ಬೇರೇನನ್ನೂ ಇಷ್ಟು ವರ್ಷ ಬಿಡದೆ ಕೇಳಿರಲಿಲ್ಲ.

ದೇವರು ಆರು ವರ್ಷದ ಹಿಂದೆಯೇ ಒಪ್ಪಿದ್ದ. ಒಪ್ಪಬೇಕಾಗಿದ್ದವನು ಲಿಂಟನ್.

ಲಿಂಟನ್ ಅವಳ ಗಂಡ. ವಿಂಡ್‌ವರ್ಡ್ ಹಳ್ಳಿಯ ದೋಣಿ ಬಡಗಿ. ನಲವತ್ತು ದೋಣಿ ಕಟ್ಟಿ ನೀರಿಗಿಳಿಸಿದ ಕೈ. ಚಂಡಮಾರುತವೊಂದು ಯಾರದೋ ಮೂವತ್ತಾರಡಿಯ ಹಾಯಿನೌಕೆಯನ್ನು ಎತ್ತಿ ಕಾಂಡ್ಲಾ ಪೊದೆಯ ಕೆಸರಿಗೆ ಎಸೆದಾಗ, ಅದರ ಯಜಮಾನರು ಕೈಮುಗಿದು, ಅದನ್ನು ಇವರಿಗೇ ಬಿಟ್ಟು ವಿಮಾನ ಹತ್ತಿದರು. ಊರೆಲ್ಲ ಸೇರಿ ಹಗ್ಗ ಹಾಕಿ ಅದನ್ನು ಎಳೆದು ತಂದಿತು. ವರ್ಲಿನ್ ಅದಕ್ಕೆ ತನ್ನ ತಾಯಿಯ ಹೆಸರಿಟ್ಟಳು: ಲವೀನಿಯಾ. "ಎರಡು ವರ್ಷ ಸಾಕು, ಹೊಸದಾಗಿ ಮಾಡ್ಕೊಡ್ತೀನಿ" ಎಂದಿದ್ದ ಲಿಂಟನ್.

ಮಾಡಿದ, ಸುಳ್ಳಲ್ಲ. ಹಾಯಿ ಕಟ್ಟಲು ಹೊಸ ಕೂವೆಮರ, ಹೊಸ ಚುಕ್ಕಾಣಿ, ಬಿಸಿಲಿನಿಂದ ಕರೆಂಟು, ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ, ಗಾಳಿಯನ್ನು ನೋಡಿಕೊಂಡು ತಾನೇ ದಾರಿ ಹಿಡಿಯುವ ಒಂದು ರೆಕ್ಕೆ. ಅಷ್ಟರಲ್ಲಿ ನಾಲ್ಕು ವರ್ಷ ಕಳೆಯಿತು. ಉಳಿದೆರಡು ವರ್ಷ ಅವನು "ಇನ್ನೊಂದೇ ಒಂದು" ಎನ್ನುತ್ತಾ ಕಳೆದ. ಶಾಲೆಯ ನೋಟುಬುಕ್ಕಿನಲ್ಲಿ ಪಟ್ಟಿ ಬರೆದಿಟ್ಟಿದ್ದ. ಒಂದು ಸಾಲು ಹೊಡೆದುಹಾಕಿದರೆ ಎರಡು ಸಾಲು ಹುಟ್ಟುತ್ತಿದ್ದವು. ವರ್ಲಿನ್ ಹೆರಿಗೆ ಮಾಡಿಸಿದ ಮಗುವೊಂದು ಆ ಪಟ್ಟಿ ಮುಗಿಯುವುದರೊಳಗೆ ಶಾಲೆಗೂ ಸೇರಿತು.

"ಇವತ್ತು ಏನೂ ಇಲ್ಲ ತಾನೆ?" ಎಂದು ಅವಳು ಆ ಬೆಳಿಗ್ಗೆ ಕೇಳಿದಳು.

"ಏನೂ ಇಲ್ಲ. ಇನ್ನೊಂದೇ ಒಂದು ತಿರುಪು."

ಅವಳು ಅವನನ್ನೂ ಅವನ ತಿರುಪುಳಿಯನ್ನೂ ಪುಟ್ಟ ದೋಣಿಗೆ ಹತ್ತಿಸಿಕೊಂಡಳು. ಲವೀನಿಯಾ ಲಂಗರು ಹಾಕಿದ್ದಲ್ಲಿಗೆ ಹುಟ್ಟು ಹಾಕಿಕೊಂಡು ಹೋದಳು; ಅವನು ಮೇಲೆ ಹತ್ತಿ ಒಳಗಿಳಿದ. ಹೊರಡುವ ಮುಂಚೆ ಅದರ ಹೊಟ್ಟೆಗೆ ಅಂಟಿದ ಪಾಚಿ ಕೆರೆಯುವುದು ಅವಳ ಪಾಲಿನ ಕೆಲಸ. ನೀರಿನ ಮಟ್ಟದಲ್ಲಿ ನೀಲಿ ಪಟ್ಟಿಯೊಂದಿತ್ತು. ದೋಣಿ ಎಷ್ಟು ಮುಳುಗಬೇಕೋ ಅಷ್ಟಕ್ಕೆ ಬಳಿಯುವ ನೀರಗೆರೆ ಅದು. ಗೆರೆ ಕಂಡರೆ ದೋಣಿ ನೆಟ್ಟಗಿದೆ. ಕಾಣದಿದ್ದರೆ ಭಾರ ಹೆಚ್ಚಾಗಿದೆ, ಅಲೆಯ ಮೇಲೆ ಏಳುವ ಬದಲು ಅಲೆಯೊಳಗೆ ತಲೆ ಹಾಕುತ್ತದೆ. ವಿಂಡ್‌ವರ್ಡಿನಲ್ಲಿ ಹಲ್ಲು ಬಾರದ ಮಗುವಿಗೂ ಇದು ಗೊತ್ತು.

ಗೆರೆ ಒಂದು ಬೆರಳು ನೀರಿನೊಳಗಿತ್ತು. ಅಷ್ಟು ಪರವಾಗಿಲ್ಲ, ಕುಡಿಯುವ ನೀರು ತುಂಬಿದ್ದೇವಲ್ಲ ಎಂದುಕೊಂಡು ಅವಳು ಅದರ ಕೆಳಗೆ ಕೈಹಾಕಿ ಕೆರೆದಳು. ಪಾಚಿಯ ಜೊತೆ ಕೆಂಪು ಬಣ್ಣದ ಚಕ್ಕೆಯೂ ಎದ್ದು ಬಂತು. ಕೆಂಪಿನ ಅಡಿಯಲ್ಲಿ ನೀಲಿ. ಇನ್ನೊಂದು ಗೆರೆ! ಇನ್ನೂ ಕೆಳಗೆ, ಮೊಣಕೈ ಮುಳುಗುವ ತನಕ ಕೆರೆದಳು. ಮೂರನೆಯದು.

"ಲಿಂಟನ್! ಇಲ್ಲಿ ಬಾ."

"ಬಂದೆ. ಈ ಒಂದು ತಿರುಪು..."

"ತಿರುಪು ಅಲ್ಲೇ ಬಿದ್ದಿರ್ಲಿ. ನೀನು ಬಾ."

ಮೇಲಿನ ಕಟಕಟೆಯಿಂದ ಅವನ ಬೋಳುತಲೆ ಇಣುಕಿತು.

"ಇದೇನಿದು?"

"ಗೆರೆ."

"ಅದರ ಕೆಳಗಿರೋದು?"

"ಅದೂ ಗೆರೆನೇ."

"ಅದರ ಕೆಳಗೆ?"

ಲಿಂಟನ್ ಆಕಾಶ ನೋಡಿದ. "ಗಾಳಿ ಚೆನ್ನಾಗಿ ತಿರುಗಿದೆ ಅಲ್ವಾ?"

ವರ್ಲಿನ್‌ಗೆ ಎಲ್ಲ ಹೊಳೆಯಿತು. ಹಿಂದಿನ ಎರಡು ಸಲ ಬಣ್ಣ ಬಳಿಯುತ್ತೇನೆಂದು ದೋಣಿಯನ್ನು ದಡಕ್ಕೆ ಎಳೆಸಿದಾಗಲೂ ಈ ಮನುಷ್ಯ ಗೆರೆಯನ್ನು ಎರಡು ಬೆರಳು ಮೇಲಕ್ಕೆ ಏರಿಸಿದ್ದ. ದೋಣಿ ಮುಳುಗುತ್ತಾ ಹೋಗಿತ್ತು, ಗೆರೆ ಏರುತ್ತಾ ಹೋಗಿತ್ತು. ಬೇರೆಯವರು ಹೀಗೆ ಮಾಡಿದ್ದರೆ ಬಡಗಿಯ ಕೈಯಿಂದ ಉಳಿ ಕಿತ್ತುಕೊಳ್ಳಬೇಕು ಎನ್ನುತ್ತಿದ್ದವನು ಇದೇ ಲಿಂಟನ್.

"ಮೂರ್ಮೂರು ಗೆರೆ! ಜ್ವರ ಇದೆ ಅಂತ ಥರ್ಮಾಮೀಟರಿನ ಗೆರೆ ಅಳಿಸಿ ಬರೀತೀಯಾ ನೀನು?"

"ಬರೀ ಐದು ಬೆರಳು ಕಣೇ..."

"ಜೆಟ್ಟಿಗೆ ತಗೊಂಡು ಬಾ. ಎಲ್ಲ ಇಳಿಸ್ಬೇಕು."

"ಎಲ್ಲಾನಾ? ಸೋಮವಾರ ಹೊರಡ್ಬೇಕಲ್ಲ?"

"ಅದಕ್ಕೇ ಇವತ್ತು."

ಒಂಬತ್ತು ಗಂಟೆಯ ಹೊತ್ತಿಗೆ ಜೆಟ್ಟಿಯ ಮೇಲೆ ಸಂತೆ ನೆರೆದಿತ್ತು. ಒಂದು ಹಾಯಿನೌಕೆಯ ಹೊಟ್ಟೆಯಲ್ಲಿ ಇಷ್ಟು ಹಿಡಿಸುತ್ತದೆ ಎಂದು ವಿಂಡ್‌ವರ್ಡಿನ ಹಳಬರಿಗೂ ಗೊತ್ತಿರಲಿಲ್ಲ. ಐದು ಲಂಗರು ಬಂದವು. ನೂರು ಮಾರು ಸರಪಳಿ ಬಂತು, ಅದರ ಹಿಂದೆಯೇ ಇನ್ನೊಂದು ನೂರು ಮಾರು. ಹನ್ನೊಂದು ಪಂಪು, ಅದರಲ್ಲಿ ನಾಲ್ಕು ಕೆಟ್ಟವು, ಕೆಟ್ಟವನ್ನು ಬಿಚ್ಚಿ ಒಳ್ಳೆಯದಕ್ಕೆ ಹಾಕಬಹುದಂತೆ. ಎರಡನೆಯ ಚುಕ್ಕಾಣಿ. ಕಮ್ಮಾರನ ಅಡಿಗಲ್ಲು. ಮುಸುಕಿನ ಜೋಳ ಬೀಸುವ ಕೈಗಿರಣಿ. ತೊಗರಿಕಾಳಿನ ಚೀಲ. ಗಂಡ ಹೆಂಡತಿ ಇಬ್ಬರಿಗೆ ಇಪ್ಪತ್ತೈದು ದಿನಕ್ಕೆಂದು ಮುನ್ನೂರು ಡಬ್ಬಿ ಗಟ್ಟಿಹಾಲು.

ಲಿಂಟನ್ನನ ಚಿಕ್ಕಮ್ಮ, ಊರಿಗೆಲ್ಲ ಚಿಕ್ಕಮ್ಮನಾಗಿ ತಾಂತಿ ಅಜಾಲೀ ಎನಿಸಿಕೊಂಡವಳು, ಎಂಬತ್ತೆಂಟರ ಮುದುಕಿ, ಕುರ್ಚಿ ತರಿಸಿ ಜೆಟ್ಟಿಯ ನಡುವೆಯೇ ಹಾಕಿಸಿಕೊಂಡು ಕೂತಿದ್ದಳು.

"ಮಗಾ ಲಿಂಟನ್, ಅಜೋರ್ಸಿನಲ್ಲಿ ಹಸುಗಳು ಇಲ್ವೇನೋ?"

"ಇವೆ ತಾಂತಿ."

"ಮತ್ತೆ ಈ ಹಾಲು ಯಾರಿಗೆ? ತಿಮಿಂಗಿಲದ ಮರಿಗೋ?"

ಜನ ನಕ್ಕರು. ವರ್ಲಿನ್ ನಗಲಿಲ್ಲ. ಮಂಡಿ ಸಿಡಿಯುತ್ತಿತ್ತು, ಏಣಿ ಹತ್ತಿ ಇಳಿದು ಬೆನ್ನು ಕಬ್ಬಿಣವಾಗಿತ್ತು.

"ಮೊನ್ನೆ ಕನಸಲ್ಲಿ ನಿನ್ನಮ್ಮ ಬಂದಿದ್ಲು ಕಣೋ," ಎಂದಳು ತಾಂತಿ. "ಒದ್ದೆ ಬಟ್ಟೆ ಗಂಟು ಹೊತ್ಕೊಂಡು ನಿಂತಿದ್ಲು. ತಂಗೀ, ತುಂಬಾ ಭಾರ ಅಂದ್ಲು. ನಾನು ಹಸಿದು ಬಂದಿದಾಳೆ ಅಂದ್ಕೊಂಡೆ. ಒಂದು ತಟ್ಟೆ ಮುದ್ದೆ, ಮೀನುಸಾರು ಕೋಣೆಯಲ್ಲಿ ಮುಚ್ಚಿಟ್ಟೆ ರಾತ್ರಿ."

"ಹೊರಡೋಕೆ ಮುಂಚೆ ಸತ್ತವರೂ ನನ್ನ ಕೆಲಸಕ್ಕೆ ಕೈ ಹಚ್ಚಿದ್ರೆ ಪುಣ್ಯ ಬರ್ತಿತ್ತು ಅವರಿಗೆ," ಎಂದು ವರ್ಲಿನ್ ಗೊಣಗಿ, ಕೂಡಲೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ಅಷ್ಟರಲ್ಲಿ ಕೆನ್ರಿಕ್ ಬಂದ. ಬರದಿದ್ದರೆ ಆಶ್ಚರ್ಯವಾಗುತ್ತಿತ್ತು. ಕೆನ್ರಿಕ್‌ನ ಬಳಿ ಜುಬಿಲಿ ಎಂಬ ಪಂದ್ಯದ ದೋಣಿ ಇತ್ತು. ಮೂರು ವರ್ಷದ ಹಿಂದೆ ಅವನು ಮಗಳ ಬಾಣಂತನಕ್ಕೆಂದು ಟ್ರಿನಿಡಾಡಿಗೆ ಹೋಗಿದ್ದಾಗ, ದಡದಲ್ಲಿದ್ದ ಜುಬಿಲಿಯ ತಳದಲ್ಲಿ, ದೋಣಿ ವಾಲದಿರಲೆಂದು ಇಡುವ ಅಡಿಭಾರದ ಸೀಸದ ಗಟ್ಟಿಗಳಲ್ಲಿ ಅರ್ಧ ಕಾಣೆಯಾದವು. ಆಮೇಲೆ ಅವನು ಚೀಲದಲ್ಲಿ ಕಡಲ ಕಲ್ಲು ತುಂಬಿಕೊಂಡು ಆಗಸ್ಟಿನ ಪಂದ್ಯಕ್ಕೆ ಇಳಿಯುತ್ತಿದ್ದ. ಕಲ್ಲು ಉರುಳುತ್ತಿದ್ದವು, ಜುಬಿಲಿ ವಾಲುತ್ತಿತ್ತು, ಪ್ರತಿವರ್ಷ ಕೊನೆಯವನಾಗಿ ಬರುತ್ತಿದ್ದ. ಸೀಸದ ಮಾತು ಎತ್ತದೆ ಅವನಿಗೆ ಮಾತೇ ಮುಗಿಯುತ್ತಿರಲಿಲ್ಲ.

"ನೋಡ್ರಪ್ಪಾ," ಎಂದ ಕೆನ್ರಿಕ್, ಸರಪಳಿಯ ರಾಶಿಯನ್ನು ಕಾಲಿಂದ ತಳ್ಳಿ. "ಒಬ್ಬನ ದೋಣಿಲಿ ಇಡೋಕೆ ಜಾಗ ಇಲ್ಲ. ಇನ್ನೊಬ್ಬನ ದೋಣಿಲಿ ಇದ್ದಿದ್ದೂ ಇಲ್ಲ."

"ಶುರುವಾಯ್ತು ಪುರಾಣ," ಎಂದರು ಯಾರೋ.

"ಅದು ನಮ್ಮಪ್ಪ ಕೈಯಾರೆ ಎರಕ ಹೊಯ್ದ ಸೀಸ. ಒಂದೊಂದರ ಮೇಲೂ ಮೀನಿನ ಗುರುತಿತ್ತು."

"ಗೊತ್ತು ಮಾರಾಯಾ, ಆ ಮೀನು ನಮಗೆಲ್ಲ ಬಾಯಿಪಾಠ."

ಮಧ್ಯಾಹ್ನದ ಹೊತ್ತಿಗೆ ಒಳಗೆ ಹಾಸಿಗೆ, ಒಲೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ವರ್ಲಿನ್ ಜೆಟ್ಟಿಯ ಅಂಚಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ನೀರು ನೋಡಿದಳು. ಮೇಲಿನ ಗೆರೆ ಎದ್ದಿತ್ತು. ನಡುವಿನದೂ ಎದ್ದಿತ್ತು. ಮೊದಲನೆಯದು, ನಿಜವಾದದ್ದು, ಇನ್ನೂ ಎರಡು ಬೆರಳು ಒಳಗೇ.

"ಇನ್ನೇನಿದೆ ಒಳಗೆ?"

"ಏನಿಲ್ಲ."

"ನೀರು ಸುಳ್ಳು ಹೇಳ್ತಿದೆಯಾ?"

ಲಿಂಟನ್ ಪಂಪುಗಳನ್ನು ಮತ್ತೊಮ್ಮೆ ಎಣಿಸತೊಡಗಿದ. ತಾಂತಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಅವನ ಮುಖ ನೋಡಿದಳು. "ಏಳು ವರ್ಷದವನಿದ್ದಾಗ ನನ್ನ ಬೆಲ್ಲ ಕದ್ದು ತಿಂದಾಗ್ಲೂ ಇದೇ ಮುಖ ಇತ್ತು," ಎಂದಳು.

ವರ್ಲಿನ್ ಒಳಗೆ ಇಳಿದಳು. ಕ್ಯಾಬಿನ್ನಿನ ನೆಲದ ಹಲಗೆಗಳು ಹೊಸವು, ಲಿಂಟನ್ ಎಣ್ಣೆ ಹಚ್ಚಿ ಕನ್ನಡಿಯ ಹಾಗೆ ಮಾಡಿದ್ದ. ಅವನು ಬಿಟ್ಟು ಬಂದಿದ್ದ ತಿರುಪುಳಿಯನ್ನೇ ತೆಗೆದುಕೊಂಡು, ಮಂಡಿ ಊರಲಾಗದೆ ಪಕ್ಕಕ್ಕೆ ಕೂತು, ಒಂದು ಹಲಗೆ ಬಿಚ್ಚಿದಳು. ಹಲಗೆಯ ಕೆಳಗೆ, ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಗೋಣಿಬಟ್ಟೆ ಸುತ್ತಿದ ಸೀಸದ ಗಟ್ಟಿಗಳು ಸಾಲಾಗಿದ್ದವು. ಒಂದರ ಬಟ್ಟೆ ಸರಿಸಿದಳು. ಮೀನು.

ತೆರೆದ ಕಿಂಡಿಯಿಂದ ಕೆನ್ರಿಕ್‌ನ ದನಿ ಕೇಳಿಸುತ್ತಿತ್ತು. ಅದೇ ಪುರಾಣ, ಈಗ ತಾಂತಿಗೆ ಹೇಳುತ್ತಿದ್ದ. ಹತ್ತು ಮಾರು ದೂರವೂ ಇರಲಿಲ್ಲ.

ಲಿಂಟನ್ ಏಣಿ ಇಳಿದು ಬಂದು ಅವಳ ಹಿಂದೆ ನಿಂತ.

"ಮೆಲ್ಲಗೆ ಮಾತಾಡು," ಎಂದ.

"ನಾನು ಇನ್ನೂ ಮಾತೇ ಆಡಿಲ್ಲ."

 ಟ್ರಿನಿಡಾಡಿನಿಂದ ವಾಪಸ್ ಬಂದ ವಾರ ಚರ್ಚಿನ ಬಾಗಿಲಲ್ಲಿ ಕೆನ್ರಿಕ್ ಅವಳನ್ನೇ ನೇರವಾಗಿ ಕೇಳಿದ್ದ: ವರ್ಲಿನ್, ಬೇಜಾರು ಮಾಡ್ಕೋಬೇಡ, ಲಿಂಟನ್‌ಗೇನಾದ್ರೂ ಗೊತ್ತಾ? ಅವಳು ಉರಿದುಹೋಗಿದ್ದಳು. ನನ್ನಮ್ಮನ ಹೆಸರಾಣೆ, ನನ್ನ ಗಂಡ ಇನ್ನೊಬ್ಬರ ಒಂದು ಮೊಳೆ ಮುಟ್ಟುವವನಲ್ಲ ಎಂದಿದ್ದಳು. ಅಂದಿನಿಂದ ಆ ಮನೆಯವರೊಡನೆ ಮಾತು ಬಿಟ್ಟಿದ್ದಳು. ಆಣೆ ಇಟ್ಟ ಅಮ್ಮನ ಹೆಸರೇ ಈ ದೋಣಿಯ ಮೈಮೇಲೆ ಬೆಳ್ಳಗೆ ಹೊಳೆಯುತ್ತಿತ್ತು.

"ಕೇಳ್ಬೇಕು ಅಂತಾನೇ ಇದ್ದೆ," ಎಂದ ಲಿಂಟನ್. "ಅವನು ಊರಲ್ಲಿರ್ಲಿಲ್ಲ. ಬಂದ್ಮೇಲೆ ಹೇಳೋಣ ಅಂತ ತಂದೆ. ಅವನು ಬಂದವನೇ ದಾರಿಲಿ ನಿಂತು ಕಳ್ಳ ಕಳ್ಳ ಅಂತ ಕೂಗಿದ. ಆಮೇಲೆ ಹೆಂಗೆ ಹೇಳ್ಲಿ?"

"ಬಾಯಿಂದ."

"ವರ್ಲಿನ್..."

"ಯಾಕೆ ಬೇಕಿತ್ತು ಅದು? ಈ ದೋಣಿಗೆ ಅದರದೇ ಅಡಿಭಾರ ಇಲ್ವಾ? ಲಂಗರು ಐದು ಯಾಕೆ? ಹಾಲು ಯಾಕೆ?"

ಅವನು ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟ.  "ನಲವತ್ತು ಕಟ್ಟಿದೀನಿ," ಎಂದ. "ಮೂರು ವಾಪಸ್ ಬರ್ಲಿಲ್ಲ. ನಾನು ಯಾವತ್ತಾದ್ರೂ ಬಂಡೆಸಾಲು ದಾಟಿ ಎರಡು ರಾತ್ರಿ ಆಚೆ ಇದ್ದೀನಾ? ಇಲ್ಲ. ಕಟ್ಟೋದು ಕಟ್ಟಿ ಕಳಿಸ್ತೀನಿ, ದಡದಲ್ಲಿ ಕೂತ್ಕೋತೀನಿ. ಈ ಸಲ ಅದರಲ್ಲಿ ನೀನೂ ಇರ್ತೀಯ, ನಾನೂ ಇರ್ತೀನಿ ಅಂದಾಗ, ನಿದ್ದೆನೇ ಬರ್ಲಿಲ್ಲ. ಭಾರ ಇದ್ರೆ ಮಗುಚಲ್ಲ ಅನಿಸ್ತು. ಇನ್ನಷ್ಟು ಇದ್ರೆ ಇನ್ನೂ ಮಗುಚಲ್ಲ ಅನಿಸ್ತು."

ದಡದಲ್ಲಿ ಕೈಬೀಸಿದವಳು ತಾನೊಬ್ಬಳೇ ಎಂದುಕೊಂಡಿದ್ದಳು ವರ್ಲಿನ್. 

"ಮುಳುಗೋ ಭಯಕ್ಕೆ ದೋಣೀನ ಮೊದಲೇ ಮುಳುಗಿಸಿಟ್ಟಿದೀಯ," ಎಂದಳು. "ಎದ್ದೇಳು. ಅವನು ಇಲ್ಲೇ ಇದಾನೆ."

"ಈಗಾ? ಊರೆಲ್ಲ ನಿಂತಿದೆ!"

"ಊರೆಲ್ಲ ನಿಂತಿದ್ದಾಗ ನಾನು ಆಣೆ ಹಾಕಿದ್ದೆ."

"ನಾಳೆ ಪೂಜೆ ಹೊತ್ತಲ್ಲಿ ಎಲ್ಲ ಚರ್ಚಲ್ಲಿರ್ತಾರೆ. ಸುಮ್ನೆ ಅವನ ದೋಣಿಲಿ ಇಟ್ಟು ಬಂದ್ಬಿಡ್ತೀನಿ. ಇಲ್ಲಾಂದ್ರೆ ಹೋಗಿ ಬಂದ್ಮೇಲೆ..."

"ಬಂದ್ಮೇಲೆ!" ಅವಳ ದನಿ ಕಿಂಡಿಯಾಚೆ ಹೋಗಿರಬೇಕು, ಕೆನ್ರಿಕ್‌ನ ಪುರಾಣ ಒಂದು ಗಳಿಗೆ ನಿಂತಿತು. ಅವಳು ದನಿ ಇಳಿಸಿದಳು. "ಕೇಳು ಲಿಂಟನ್. ಇದನ್ನ ಅವನ ಕೈಗೆ ಕೊಡದೆ ಈ ದೋಣಿ ಹೊರಡಲ್ಲ. ಸೋಮವಾರ ಹೋದ್ರೆ ಹೋಗ್ಲಿ, ಬುಧವಾರ ಹೋದ್ರೆ ಹೋಗ್ಲಿ. ಐವತ್ತು ವರ್ಷ ಕಾದಿದೀನಿ. ಇನ್ನೊಬ್ಬನ ಸೀಸದ ಮೇಲೆ ಕೂತು ನಾನು ಸಮುದ್ರ ನೋಡಲ್ಲ. ಅವನ ಕೈಗೆ ಅಂದೆ, ದೋಣಿಗಲ್ಲ."

ಹಲಗೆಯನ್ನು ಮತ್ತೆ ಮುಚ್ಚಿ, ತಿರುಪು ಹಾಕದೆ, ಅವಳು ಮೇಲೆ ಹೋದಳು. ಜನರಿಗೆ ಸಾಕು ಇವತ್ತಿಗೆ ಎಂದಳು. ಹಾಲಿನ ಡಬ್ಬಿಗಳನ್ನು ಬೇಕಾದವರು ಒಯ್ಯಿರಿ ಎಂದಳು. ಮನೆಗೆ ಹೋಗಿ, ಕಾಲಿಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಂಡು, ಮಲಗಿದಳು. ಪ್ರಾರ್ಥನೆ ಮಾಡಲು ಹೋದರೆ ಬೈಗುಳವೇ ಬಾಯಿಗೆ ಬರುತ್ತಿತ್ತು. ಕೊನೆಗೆ ಬೈಗುಳವನ್ನೇ ದೇವರಿಗೆ ಒಪ್ಪಿಸಿ ಕಣ್ಣು ಮುಚ್ಚಿದಳು.

ಭಾನುವಾರ ಬೆಳಕು ಹರಿದು ನೋಡಿದರೆ ಲಿಂಟನ್ ಮನೆಯಲ್ಲಿರಲಿಲ್ಲ. ಜೆಟ್ಟಿಗೆ ಹೋದಳು. ಹಲಗೆಗಳೆಲ್ಲ ಎದ್ದಿದ್ದವು. ಲಿಂಟನ್ ಅಂಗಿ ಬಿಚ್ಚಿ, ಒಂದೊಂದು ಗಟ್ಟಿಯನ್ನೂ ಎದೆಗೆ ಅವಚಿಕೊಂಡು ಏಣಿ ಹತ್ತಿ ತರುತ್ತಿದ್ದ. ಒಂದೊಂದೂ ಇಪ್ಪತ್ತೈದು ಕಿಲೋ, ಒಟ್ಟು ಇಪ್ಪತ್ತೆರಡು. ಅವಳು ಜೆಟ್ಟಿಯ ಅಂಚಿನಲ್ಲಿ ಕೂತು ನೀರು ನೋಡಿದಳು. ಅವನು ಹೊತ್ತು ತರುತ್ತಾ ಹೋದ ಹಾಗೆ ಲವೀನಿಯಾ ನಿದ್ದೆಯಿಂದ ಏಳುವವಳ ಹಾಗೆ ಮೇಲೇಳುತ್ತಾ ಬಂದಳು. ಕೊನೆಯದು ಹೊರಬಿದ್ದಾಗ, ಆರು ವರ್ಷದ ಹಿಂದೆ ಬಳಿದ ಮೊದಲ ಗೆರೆ ನೀರಿನ ಮಟ್ಟಕ್ಕೆ ಸರಿಯಾಗಿ ನಿಂತಿತು.

"ನೋಡ್ದೆಯಾ?" ಎಂದಳು.

"ನೋಡ್ದೆ." ಅವನು ಬೆವರು ಒರೆಸಿಕೊಂಡ. "ಸರಿಯಾಗೇ ಗುರುತು ಹಾಕಿದ್ದೆ ಅಲ್ವಾ ನಾನು?"

"ಬಡಾಯಿ ಆಮೇಲೆ. ದೋಣಿ ತಗೋ."

ಪುಟ್ಟ ದೋಣಿ ಒಂದು ಸಲಕ್ಕೆ ಆರು ಗಟ್ಟಿ ಹಿಡಿಯುತ್ತಿತ್ತು, ಅದೂ ಅಂಚು ನೀರಿಗೆ ತಾಕುವ ಹಾಗೆ. ಅವಳು ಹುಟ್ಟು ಹಾಕಿದಳು. ಚರ್ಚಿನ ಗಂಟೆ ಹೊಡೆಯತೊಡಗಿತು.

"ಅವನು ಪೂಜೆಗೆ ಹೋಗಿದ್ರೆ?" ಎಂದ ಲಿಂಟನ್. ಅವನ ದನಿಯಲ್ಲಿ ಆಸೆಯಿತ್ತು.

"ಮೂರು ವರ್ಷದಿಂದ ಅವನು ಚರ್ಚಿನ ಮೆಟ್ಟಿಲು ಹತ್ತಿಲ್ಲ. ಸೀಸ ಬಂದ ದಿನ ಬರ್ತೀನಿ ಅಂತ ದೇವರಿಗೇ ಹೇಳಿದಾನಂತೆ. ಆ ಪಾಪವೂ ನಿನ್ನ ತಲೆಮೇಲೇ."

ಲಿಂಟನ್ ಕಣ್ಣು ಮುಚ್ಚಿಕೊಂಡ.

ಕಡಲದ್ರಾಕ್ಷಿ ಮರದ ನೆರಳಲ್ಲಿ ಜುಬಿಲಿ ಮಗ್ಗುಲಾಗಿ ಮಲಗಿತ್ತು. ಕೆನ್ರಿಕ್ ಅದರ ಸಂದುಗಳಿಗೆ ನಾರು ತುಂಬುತ್ತಾ ಒಬ್ಬನೇ ಕೂತಿದ್ದ. ಪಕ್ಕದಲ್ಲಿ ಕಲ್ಲಿನ ಚೀಲಗಳು. ಪುಟ್ಟ ದೋಣಿ ಮರಳಿಗೆ ತಾಗಿತು. ಕೆನ್ರಿಕ್ ತಲೆಯೆತ್ತಿ ನೋಡಿದ. ಮೂರು ವರ್ಷದಿಂದ ಮಾತು ಬಿಟ್ಟವಳು ಹುಟ್ಟು ಹಿಡಿದು ಕೂತಿದ್ದಳು. ದೋಣಿಯಲ್ಲಿ ಇದ್ದದ್ದನ್ನೂ ಅವನು ನೋಡಿದ. ಊರಿಗೆಲ್ಲ ಬಾಯಿಪಾಠವಾಗಿದ್ದ ಆ ಮೀನು ಅಲ್ಲಿತ್ತು.

"ಕೆನ್ರಿಕ್," ಎಂದಳು ವರ್ಲಿನ್. "ಆವತ್ತು ಚರ್ಚಿನ ಹತ್ರ ನಾನು ಹೇಳಿದ್ದು ತಪ್ಪು."

ಕೆನ್ರಿಕ್ ಲಿಂಟನ್ನನ ಕಡೆ ತಿರುಗಿದ. "ಎಲ್ಲಿತ್ತೋ?"

"ನನ್ನ ಹತ್ರ."

"ಮೂರು ವರ್ಷ?"

"ಹೂಂ."

ಗಂಟೆ ನಿಂತಿತು. ಮೇಲಿನ ದಿಬ್ಬದಿಂದ ಹಾಡು ಕೇಳತೊಡಗಿತು. ಗಾಳಿ ಆಗ್ನೇಯದಿಂದಲೇ ಬೀಸುತ್ತಿತ್ತು. ಕೆನ್ರಿಕ್ ಉಳಿ, ಸುತ್ತಿಗೆಗಳನ್ನು ಮರಳ ಮೇಲಿಟ್ಟು ಎದ್ದು ಬಂದ, ಮೊಣಕಾಲುದ್ದ ನೀರಿಗೆ ಇಳಿದು ಎರಡೂ ಕೈ ಚಾಚಿ ನಿಂತ. ಲಿಂಟನ್ ಬಾಗಿ ಮೊದಲ ಗಟ್ಟಿಯನ್ನು ಎತ್ತಿ, ಮೀನಿನ ಗುರುತು ಮೇಲೆ ಬರುವಂತೆ ತಿರುಗಿಸಿ, ಆ ಕೈಗಳ ಮೇಲೆ ಇಟ್ಟ.